ಸರಾಸರಿ ಎಂಬ ಸಮಾಧಾನ

ಇಂಗ್ಲಿಷಿನಲ್ಲಿ ‘ಆವರೇಜ್ ಔಟ್’ ಎಂಬ ಜೋಡಿ ಕ್ರಿಯಾಪದವೊಂದಿದೆ. ಏರಿಳಿತಗಳೆಲ್ಲ ಕಾಲಕ್ರಮದಲ್ಲಿ ಒಂದಕ್ಕೊಂದು ಸರಿಹೋಗಿ ನಡುಮಟ್ಟಕ್ಕೆ ಬಂದು ನಿಲ್ಲುತ್ತವೆ ಎಂಬುದು ಅದರ ಅರ್ಥ. ಅದನ್ನು ವಾಕ್ಯದಲ್ಲಿ ಎರಡು ಬಗೆಯಾಗಿ ಬಳಸಬಹುದು. ‘ತಿಂಗಳ ಖರ್ಚು ಇಷ್ಟಕ್ಕೆ ಆವರೇಜ್ ಔಟ್ ಆಗುತ್ತದೆ’ ಎಂದರೆ ಅದು ಬರಿಯ ಲೆಕ್ಕ. ‘ಈ ವರ್ಷ ನಷ್ಟವಾದರೇನು, ಮುಂದೆ ಎಲ್ಲ ಆವರೇಜ್ ಔಟ್ ಆಗುತ್ತದೆ’ ಎಂದಾಗ ಲೆಕ್ಕದ ಜೊತೆಗೆ ಒಂದು ಸಮಾಧಾನವೂ ಸೇರಿಕೊಂಡಿರುತ್ತದೆ. ಈ ಸಮಾಧಾನ ಎಲ್ಲಿ ನಿಜ, ಎಲ್ಲಿ ಹುಸಿ ಎಂಬುದನ್ನು ತಿಳಿಯಲು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆ ಬಹಳ ಅನುಕೂಲವಾದದ್ದು. 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದು ಆಮೇಲೆ ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಬೇರೆಯಾದ ಈ ತಾಲ್ಲೂಕುಗಳಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಮಳೆ, ಬೆಳೆ, ಗೂಡಿನ ಬೆಲೆ ಮೂರೂ ಏರಿಳಿಯುವಂಥವೇ. ಇಲ್ಲಿನ ಜನ ತಲೆಮಾರುಗಳಿಂದ ಸರಾಸರಿಯ ಜೊತೆ ಹೆಣಗುತ್ತ ಬಂದಿದ್ದಾರೆ.

ಈ ಇಂಗ್ಲಿಷ್ ಮಾತಿಗೆ ಕನ್ನಡದಲ್ಲಿ ಒಂಟಿ ಪದವಿಲ್ಲ. ಹಲವು ಮಾತುಗಳು ಆ ಕೆಲಸವನ್ನು ಹಂಚಿಕೊಂಡಿವೆ. ಗೂಡು ಮಾರಿ ಬಂದವರು ‘ಸರಾಸರಿ ಇಷ್ಟು ಬಿತ್ತು’ ಎನ್ನುತ್ತಾರೆ. ಒಂದು ಲಾಟಿಗೆ ಹೆಚ್ಚು ಬಂದು ಇನ್ನೊಂದಕ್ಕೆ ಕಡಿಮೆ ಬಂದರೆ ‘ಅದಕ್ಕೂ ಇದಕ್ಕೂ ಸರಿಹೋಯ್ತು’ ಎನ್ನುತ್ತಾರೆ. ಬರಹದ ಕನ್ನಡಕ್ಕೆ ‘ಸರಿದೂಗಿತು’ ಎಂಬ ಮಾತು ಇಷ್ಟ. ಅದು ತಕ್ಕಡಿಯಿಂದ ಬಂದದ್ದು. ಮೂರರಲ್ಲೂ ‘ಸರಿ’ ಎಂಬ ಸದ್ದು ಕೇಳಿಸುವುದರಿಂದ ‘ಸರಾಸರಿ’ಯೂ ಕನ್ನಡದ್ದೇ ಎಂದು ತೋರುವುದುಂಟು. ನಿಜದಲ್ಲಿ ಅದು ಪಾರಸಿಯಿಂದ ಬಂದದ್ದು. ಪಾರಸಿಯಲ್ಲಿ ‘ಸರ್’ ಎಂದರೆ ತಲೆ, ತುದಿ. ಸರದಾರ, ಸರ್ಕಾರ ಎಂಬ ಮಾತುಗಳ ಆದಿಯಲ್ಲಿರುವುದೂ ಅದೇ. ‘ಸರಾಸರ್’ ಎಂದರೆ ಈ ತುದಿಯಿಂದ ಆ ತುದಿಯವರೆಗೆ. ಹೊಲದ ಒಂದು ಮೂಲೆಯನ್ನಷ್ಟೇ ನೋಡದೆ ಈ ಬದುವಿನಿಂದ ಆ ಬದುವಿನವರೆಗೆ ಕಣ್ಣು ಹಾಯಿಸಿ ಹೇಳುವ ಅಂದಾಜು ಎಂದು ಅದನ್ನು ಅರ್ಥಮಾಡಿಕೊಳ್ಳಬಹುದು. ಜಮಾ, ಖರ್ಚು, ಬಾಕಿ, ಕಚೇರಿ, ತಾಲ್ಲೂಕುಗಳ ಹಾಗೆ ಇದೂ ಕಂದಾಯದ ದಫ್ತರದ ನಂಟಿರುವ ಪದ. ಇದಕ್ಕೆ ಹತ್ತಿರದ ಉರ್ದುವಿನ ‘ಸರ್‌ಸರಿ’ಗೆ ಮೇಲುಮೇಲೆ ನೋಡಿದ್ದು ಎಂಬ ಅರ್ಥ ಉಂಟು. ಈ ಎಚ್ಚರಿಕೆ ಕನ್ನಡಕ್ಕೂ ಬಂದಿದ್ದರೆ ಚೆನ್ನಾಗಿತ್ತು.

ಇನ್ನೊಂದು ಪದದ ಕಥೆ ಇನ್ನೂ ಸ್ವಾರಸ್ಯವಾದದ್ದು. ಚಿಂತಾಮಣಿಯ ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ಒಂದೇ ಬಾಯಲ್ಲಿ ಆಡುತ್ತವೆ. ‘ಸಗಟು’ ಎಂಬ ಮಾತು ಎರಡೂ ಭಾಷೆಗಳಲ್ಲಿದೆ. ಕನ್ನಡದಲ್ಲಿ ಅದಕ್ಕೆ ಒಟ್ಟಾಗಿ, ಇಡಿಯಾಗಿ ಎಂದರ್ಥ. ಸಗಟು ವ್ಯಾಪಾರ ಎಂದರೆ ಬಿಡಿಯಾಗಿ ಮಾರದ ವ್ಯಾಪಾರ. ತೆಲುಗಿನಲ್ಲಿ ‘ಸಗಟು’ ಎಂದರೆ ಸರಾಸರಿ! ಒಂದೇ ಮಂಡಿಯಲ್ಲಿ ಕನ್ನಡಿಗ ‘ಸಗಟು ಬೆಲೆ’ ಎಂದರೆ ಅದು ಮೂಟೆ ಲೆಕ್ಕದ ಬೆಲೆ. ತೆಲುಗಿನವರ ಕಿವಿಗೆ ಅದು ಸರಾಸರಿ ಬೆಲೆ. ಇದರಿಂದ ಜಗಳವೇನೂ ಆಗುವುದಿಲ್ಲ. ಏಕೆಂದರೆ ರಾಶಿಯನ್ನು ಇಡಿಯಾಗಿ ಕೊಳ್ಳುವವನು ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೆರೆಸಿಯೇ ಒಂದು ಬೆಲೆ ಕಟ್ಟಬೇಕು. ಸಗಟಾಗಿ ಕೊಂಡ ಮೇಲೆ ಸರಾಸರಿ ಹಿಡಿಯಲೇಬೇಕು. ಮರಾಠಾ ನಾಯಕ ಚಿಂತಾಮಣಿ ರಾವ್ ಹೆಸರು ಹೊತ್ತು ಹುಟ್ಟಿ, ಹಿಂದಿನಿಂದಲೂ ವರ್ತಕರ ಊರೆನಿಸಿದ ಚಿಂತಾಮಣಿಯಲ್ಲಿ ಈ ಎರಡು ಅರ್ಥಗಳು ಕೂಡಿ ಬಾಳುತ್ತಿರುವುದು ತಕ್ಕದ್ದೇ.

ಇಂಗ್ಲಿಷಿನ ‘ಆವರೇಜ್’ ಕೂಡ ವರ್ತಕರ ಮಾತೇ; ಆದರೆ ಅದು ಕಡಲಿನದು. ಅರಬ್ಬಿಯಲ್ಲಿ ಕೆಟ್ಟುಹೋದ ಸರಕನ್ನು ಸೂಚಿಸುವ ಪದವೊಂದು ಇಟಲಿಯ ಬಂದರುಗಳಲ್ಲಿ ‘ಅವಾರಿಯಾ’ ಆಗಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂತು. ಬಿರುಗಾಳಿಗೆ ಸಿಕ್ಕ ಹಡಗನ್ನು ಉಳಿಸಲು ಒಬ್ಬ ವರ್ತಕನ ಮೂಟೆಗಳನ್ನು ಸಮುದ್ರಕ್ಕೆ ಎಸೆದರೆ, ಆ ನಷ್ಟವನ್ನು ಹಡಗಿನ ಒಡೆಯನೂ ಉಳಿದ ವರ್ತಕರೂ ತಮ್ಮ ತಮ್ಮ ಪಾಲಿಗೆ ತಕ್ಕಂತೆ ಹಂಚಿಕೊಂಡು ಭರಿಸಬೇಕು ಎಂಬುದು ಬಹು ಹಳೆಯ ಕಟ್ಟಳೆ. ಹೀಗೆ ಹಂಚಿಕೊಂಡ ನಷ್ಟವೇ ‘ಆವರೇಜ್’. ಹಲವು ಅಂಕಿಗಳನ್ನು ಕೂಡಿ ಭಾಗಿಸಿ ಪಡೆಯುವ ನಡುಸಂಖ್ಯೆ ಎಂಬ ಅರ್ಥ ಹದಿನೆಂಟನೇ ಶತಮಾನದಲ್ಲಿ ನೆಲೆಗೊಂಡಿತು. ಹಳೆಯ ಅರ್ಥವೂ ಸತ್ತಿಲ್ಲ. 2021ರಲ್ಲಿ ಸುಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡ ‘ಎವರ್ ಗಿವನ್’ ಹಡಗಿನ ಒಡೆಯರು ‘ಜನರಲ್ ಆವರೇಜ್’ ಘೋಷಿಸಿದರು. ಹಡಗನ್ನು ಬಿಡಿಸಿದ ವೆಚ್ಚದಲ್ಲಿ ಸರಕಿನ ಒಡೆಯರೆಲ್ಲರೂ ಪಾಲುದಾರರಾಗಬೇಕಾಯಿತು. ಅಂದರೆ ಈ ಪದದ ಮೂಲದಲ್ಲಿ ಭಾಗಾಕಾರಕ್ಕಿಂತ ಮೊದಲು ಇದ್ದದ್ದು ನಷ್ಟವನ್ನು ಯಾರು ಹೊರಬೇಕು ಎಂಬ ಪ್ರಶ್ನೆ. ಮುಂದಿನ ಕಥೆಗೆ ಇದನ್ನು ನೆನಪಿನಲ್ಲಿಡುವುದು ಅಗತ್ಯ.

ಏರಿಳಿತ ಸರಿಹೋಗುವುದನ್ನು ಕಣ್ಣಾರೆ ಕಾಣಬೇಕಾದರೆ ಶಿಡ್ಲಘಟ್ಟದ ನೂಲು ಬಿಚ್ಚುವ ಮನೆಗಳಿಗೆ ಹೋಗಬೇಕು. ರೇಷ್ಮೆಹುಳು ಸುತ್ತುವ ಎಳೆ ಆದಿಯಿಂದ ಅಂತ್ಯದವರೆಗೆ ಒಂದೇ ದಪ್ಪವಿರುವುದಿಲ್ಲ. ಗೂಡಿನ ಹೊರಪದರದಲ್ಲಿ ದಪ್ಪವಾಗಿದ್ದು ಒಳಹೋದಂತೆ ತೆಳುವಾಗುತ್ತದೆ. ಅಂಥ ಎಂಟು ಹತ್ತು ಗೂಡುಗಳ ಎಳೆಗಳನ್ನು ಬಿಸಿನೀರಿನಿಂದ ಒಟ್ಟಿಗೆ ಎಳೆದಾಗ ಒಂದು ನೂಲಾಗುತ್ತದೆ. ಎಲ್ಲ ಗೂಡುಗಳನ್ನೂ ಒಂದೇ ಸಲ ಆರಂಭಿಸಿ ಒಂದೇ ಸಲ ಮುಗಿಸಿದರೆ ನೂಲು ದಪ್ಪದಿಂದ ಶುರುವಾಗಿ ಸಣ್ಣದಾಗುತ್ತ ಹೋಗಿ ಯಾವ ಕೆಲಸಕ್ಕೂ ಬಾರದು. ಅದಕ್ಕೇ ನೂಲು ಬಿಚ್ಚುವವರು ಒಂದು ಗೂಡು ಮುಗಿಯುವಾಗ ಹೊಸದನ್ನು ಸೇರಿಸುತ್ತಾರೆ. ಯಾವ ಗಳಿಗೆಯಲ್ಲಿ ನೋಡಿದರೂ ಕೆಲವು ಗೂಡು ಹೊಸತು, ಕೆಲವು ಅರ್ಧ ಕರಗಿದ್ದು, ಕೆಲವು ಮುಗಿಯಲಿರುವುದು. ಒಂದರ ದಪ್ಪ ಇನ್ನೊಂದರ ತೆಳುವನ್ನು ಸರಿದೂಗಿಸುತ್ತದೆ. ನೂಲಿನ ದಪ್ಪವನ್ನು ಅಳೆಯುವ ಮಾನ ಡೀನಿಯರ್. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೆಂಬುದೇ ಆ ಅಂಕಿ. ‘20/22’ ಎಂದು ನೂಲಿಗೆ ಹೆಸರಿಡುವಾಗಲೇ ಅದು ಕರಾರುವಾಕ್ಕಾದ ಒಂದು ದಪ್ಪವಲ್ಲ, ಎರಡು ಅಂಕಿಗಳ ನಡುವೆ ಆಡುವ ಸರಾಸರಿ ಎಂದು ಒಪ್ಪಿಕೊಂಡಂತಾಯಿತು.

ಗೂಡಿನ ಮಾರುಕಟ್ಟೆಯಲ್ಲಿ ಸರಾಸರಿಯ ಆಟ ಇನ್ನೊಂದು ಬಗೆಯದು. ರೈತ ತಂದ ಗೂಡು ಒಂದು ಲಾಟಾಗಿ ಹರಾಜಿಗೆ ನಿಲ್ಲುತ್ತದೆ. ಅದರಲ್ಲಿ ಗಟ್ಟಿ ಗೂಡೂ ಇರುತ್ತದೆ, ಪೊಳ್ಳೂ ಇರುತ್ತದೆ, ಕಲೆಬಿದ್ದದ್ದೂ ಜೋಡಿಗೂಡೂ ಇರುತ್ತವೆ. ರೀಲರ್ ರಾಶಿಯೊಳಗೆ ಕೈಹಾಕಿ, ಹಿಡಿ ತುಂಬ ತೆಗೆದು, ಅಮುಕಿ, ಅಲುಗಾಡಿಸಿ ನೋಡುತ್ತಾನೆ. ಆ ಒಂದು ಹಿಡಿಯಿಂದ ಇಡೀ ಲಾಟಿನ ‘ರೆಂಡಿಟ್ಟಾ’ ಅಂದಾಜಾಗಬೇಕು. ಒಂದು ಕಿಲೋ ನೂಲಿಗೆ ಎಷ್ಟು ಕಿಲೋ ಗೂಡು ಬೇಕು ಎಂಬ ಲೆಕ್ಕ ಅದು. ಕಿಲೋಗೆ 500 ರೂಪಾಯಿಯಂತೆ ಕೊಂಡ ಗೂಡಿನ ರೆಂಡಿಟ್ಟಾ 7 ಆದರೆ ಕಿಲೋ ನೂಲಿಗೆ ತಗಲುವ ಗೂಡಿನ ಬೆಲೆ 3,500 ರೂಪಾಯಿ. ಅದೇ 8 ಆದರೆ 4,000. ಕೈಯ ಅಂದಾಜು ಒಂದಂಕಿ ತಪ್ಪಿದರೆ ಕಿಲೋ ನೂಲಿಗೆ ಐನೂರು ರೂಪಾಯಿ ಹೋಯಿತು. ಹರಾಜು ಈಗ ಇ-ಹರಾಜಾಗಿದೆ; ಕೂಗುವ ಬಾಯಿಯ ಬದಲು ಮೊಬೈಲಿನಲ್ಲಿ ಅಂಕಿ ಒತ್ತುತ್ತಾರೆ. ಅಂದಾಜಿಸುವ ಕೈ ಮಾತ್ರ ಹಳೆಯದೇ.

ವಾರವಾರವೂ ಗೂಡು ಕೊಳ್ಳುವ ದೊಡ್ಡ ರೀಲರ್‌ಗೆ ಇದು ಹೇಗೋ ಸರಿಹೋಗುತ್ತದೆ. ನೂರು ಲಾಟುಗಳಲ್ಲಿ ಕೆಲವು ಕೈಕೊಟ್ಟರೆ ಕೆಲವು ಕೈಹಿಡಿಯುತ್ತವೆ. ದಿನದ ವಹಿವಾಟು ಮುಗಿದ ಮೇಲೆ ರೇಷ್ಮೆ ಇಲಾಖೆ ಕನಿಷ್ಠ, ಗರಿಷ್ಠ, ಸರಾಸರಿ ಎಂದು ಮೂರು ಬೆಲೆಗಳನ್ನು ಪ್ರಕಟಿಸುತ್ತದೆ. ಪತ್ರಿಕೆಯ ಓದುಗರ ಕಣ್ಣು ಸರಾಸರಿಯ ಮೇಲೆ ನಿಲ್ಲುತ್ತದೆ. ವರ್ಷಕ್ಕೆ ನಾಲ್ಕೈದು ಬೆಳೆ ತೆಗೆಯುವ ಹುಳು ಸಾಕಣೆಯ ಮನೆಯವರು ಅವತ್ತು ತಂದದ್ದು ಒಂದೇ ಲಾಟು. ಅದಕ್ಕೆ ಕನಿಷ್ಠ ಬೆಲೆ ಬಿದ್ದಿದ್ದರೆ ಮಾರುಕಟ್ಟೆಯ ಸರಾಸರಿ ಅವರ ಮನೆಗೆ ಬರುವುದಿಲ್ಲ.

ಶಿಡ್ಲಘಟ್ಟದ ಬಿಸಿನೀರ ಬಾಣಲೆಯಲ್ಲಿ ನಡೆಯುವುದನ್ನೇ ವಿಜ್ಞಾನಿಗಳು ಗೌರಿಬಿದನೂರಿನ ಬಯಲಿನಲ್ಲಿ ಇನ್ನೊಂದು ರೀತಿಯಲ್ಲಿ ಮಾಡಿದರು. 1963ರ ಒಪ್ಪಂದದಿಂದಾಗಿ ಅದಕ್ಕೆ ಸಹಿ ಹಾಕಿದ ದೇಶಗಳು ವಾತಾವರಣದಲ್ಲಿ ಅಣ್ವಸ್ತ್ರ ಪರೀಕ್ಷೆ ನಡೆಸುವುದನ್ನು ನಿಲ್ಲಿಸಿದವು. ಪರೀಕ್ಷೆಗಳು ನೆಲದೊಳಕ್ಕೆ ಇಳಿದವು. ಅವನ್ನು ಪತ್ತೆಹಚ್ಚಲು ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ಸಹಕಾರದೊಡನೆ 1965ರಲ್ಲಿ ಗೌರಿಬಿದನೂರಿನಲ್ಲಿ ಭೂಕಂಪನ ಮಾಪಕಗಳ ಒಂದು ಸಾಲು ಎದ್ದಿತು. ಭಾಭಾ ಅಣು ಸಂಶೋಧನಾ ಕೇಂದ್ರ ಅದನ್ನು ನಡೆಸುತ್ತ ಬಂದಿದೆ. ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳಲ್ಲೂ ಇದೇ ಮಾದರಿಯವು ಇದ್ದವು. ಲಂಬಕೋನದಲ್ಲಿ ಕೂಡುವ ಎರಡು ಉದ್ದನೆಯ ತೋಳುಗಳ ಮೇಲೆ, ಕಿಲೋಮೀಟರುಗಳ ಅಂತರದಲ್ಲಿ, ಇಪ್ಪತ್ತು ಮಾಪಕಗಳು.

ಒಂದೇ ಮಾಪಕ ಏಕೆ ಸಾಲದು? ನೆಲ ಎಂದೂ ಸುಮ್ಮನಿರುವುದಿಲ್ಲ. ಲಾರಿ, ರೈಲು, ಗಾಳಿಗೆ ತೂಗುವ ಮರ, ದೂರದ ಕಡಲಿನ ಅಲೆ, ಎಲ್ಲವೂ ಅದನ್ನು ಸಣ್ಣಗೆ ನಡುಗಿಸುತ್ತಿರುತ್ತವೆ. ಸಾವಿರಾರು ಮೈಲಿ ದೂರದ ಸ್ಫೋಟದ ಕಂಪನ ಈ ಗಲಾಟೆಯಲ್ಲಿ ಮುಳುಗಿಹೋಗುತ್ತದೆ. ಇಪ್ಪತ್ತು ಮಾಪಕಗಳ ದಾಖಲೆಗಳನ್ನು ಕಂಪನ ಒಂದೊಂದಕ್ಕೂ ತಲುಪಿದ ಹೊತ್ತಿಗೆ ಹೊಂದಿಸಿ ಕೂಡಿದರೆ, ದೂರದ ಕಂಪನ ಎಲ್ಲದರಲ್ಲೂ ಒಂದೇ ರೀತಿ ಇರುವುದರಿಂದ ಇಪ್ಪತ್ತು ಪಟ್ಟಾಗುತ್ತದೆ. ಸ್ಥಳೀಯ ಗಲಾಟೆ ಒಂದೊಂದು ಕಡೆ ಒಂದೊಂದು ಬಗೆ. ಒಂದು ಕಡೆ ಏರುವಾಗ ಇನ್ನೊಂದು ಕಡೆ ಇಳಿಯುತ್ತಿರುತ್ತದೆ. ಹೀಗಾಗಿ ಅದು ಕೂಡಿದಾಗ ಇಪ್ಪತ್ತರ ವರ್ಗಮೂಲದಷ್ಟು, ಅಂದರೆ ಸುಮಾರು ನಾಲ್ಕೂವರೆ ಪಟ್ಟಷ್ಟೇ ಬೆಳೆಯುತ್ತದೆ. ಗಲಾಟೆ ತನ್ನನ್ನು ತಾನೇ ಬಹುಮಟ್ಟಿಗೆ ಅಳಿಸಿಕೊಂಡಿತು. ‘ಆವರೇಜ್ ಔಟ್’ ಎಂಬ ಮಾತು ಅಕ್ಷರಶಃ ನಿಜವಾಗುವ ಜಾಗವಿದು. ಅಲ್ಲೇ ಸಮೀಪದಲ್ಲಿ, ಅದೇ ತಾಲ್ಲೂಕಿನಲ್ಲಿ, ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗಳು 1970ರ ದಶಕದಲ್ಲಿ ಸಾವಿರ ಆಂಟೆನಾಗಳ ರೇಡಿಯೊ ದೂರದರ್ಶಕವನ್ನು ನೆಟ್ಟದ್ದೂ ಆಕಾಶದ ಕ್ಷೀಣ ಅಲೆಗಳಿಗೆ ಇದೇ ಲೆಕ್ಕವನ್ನು ಹೂಡಿ.

ಆದರೆ ಇದಕ್ಕೊಂದು ಷರತ್ತಿದೆ. ಒಂದು ಮಾಪಕದ ಗಲಾಟೆಗೂ ಇನ್ನೊಂದರ ಗಲಾಟೆಗೂ ಸಂಬಂಧವಿರಬಾರದು. ಎರಡನ್ನೂ ಅಕ್ಕಪಕ್ಕದಲ್ಲೇ ಹೂತರೆ ಒಂದೇ ಲಾರಿ ಎರಡನ್ನೂ ಒಟ್ಟಿಗೆ ನಡುಗಿಸುತ್ತದೆ. ಆಗ ಎಷ್ಟು ಕೂಡಿದರೂ ಏನೂ ಅಳಿಯುವುದಿಲ್ಲ. ಮಾಪಕಗಳನ್ನು ಕಿಲೋಮೀಟರು ದೂರ ಇಟ್ಟದ್ದು ಅದಕ್ಕೇ. ಹಾಗೆಯೇ ಶಿಡ್ಲಘಟ್ಟದ ಬಾಣಲೆಯಲ್ಲಿ ಎಲ್ಲ ಗೂಡುಗಳೂ ಒಟ್ಟಿಗೆ ತೆಳುವಾದರೆ ನೂಲು ಕಡಿಯುತ್ತದೆ. ಬರ ಇದೇ ರೀತಿಯದು. ಬರ ಬಂದಾಗ ಹೋಬಳಿಯ ಎಲ್ಲರ ಹೊಲವೂ ಒಟ್ಟಿಗೆ ಒಣಗುತ್ತದೆ. ಸಾಲ ಕೊಡುವವನ ಕಣಜವೂ ಬರಿದಾಗುತ್ತದೆ. ಎಲ್ಲರೂ ಒಂದೇ ವಾರ ದನ ಮಾರಲು ಹೊರಡುವುದರಿಂದ ದನದ ಬೆಲೆಯೂ ಬಿದ್ದುಹೋಗುತ್ತದೆ.

ಹಿಂದೆ ಈ ಸೀಮೆಯ ರೈತರು ಸರ್ಕಾರಕ್ಕೆ ಕೊಡುತ್ತಿದ್ದುದು ಬಹಳ ಕಡೆ ‘ಬಟಾಯಿ’. ಬೆಳೆದದ್ದರಲ್ಲಿ ಇಂತಿಷ್ಟು ಪಾಲು ಅರಸನಿಗೆ, ಉಳಿದದ್ದು ರೈತನಿಗೆ. ಕಣದಲ್ಲಿ ರಾಶಿ ಅಳೆಯುವ ಅಧಿಕಾರಿಗಳ ಕಾಟ, ಲಂಚ, ರಾಶಿ ಮುಟ್ಟಲು ಅಪ್ಪಣೆಗಾಗಿ ಕಾಯುವ ಪಾಡು ಇವೆಲ್ಲ ಇದ್ದವು. ಆ ಪದ್ಧತಿಯನ್ನು ಹೊಗಳುವ ಕಾರಣವಿಲ್ಲ. ಆದರೂ ಅದರಲ್ಲಿ ಒಂದು ಗುಣವಿತ್ತು. ಬೆಳೆ ಅರ್ಧವಾದ ವರ್ಷ ಅರಸನ ಪಾಲೂ ಅರ್ಧವಾಗುತ್ತಿತ್ತು. ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ (1834–61) ಹಲವು ಕಡೆ ಬಟಾಯಿ ಹೋಗಿ ನಗದು ಕಂದಾಯ ಬಂತು. 1863ರಲ್ಲಿ ಮುಂಬಯಿ ಮಾದರಿಯ ಮೋಜಣಿ ಆರಂಭವಾಗಿ ದಶಕಗಳ ಕಾಲ ಜಿಲ್ಲೆಯಿಂದ ಜಿಲ್ಲೆಗೆ ಸಾಗಿತು. ಒಂದೊಂದು ಹೊಲಕ್ಕೂ ಸರ್ವೆ ನಂಬರು ಬಿತ್ತು. ಮಣ್ಣಿನ ಗುಣವನ್ನು ಆಣೆಗಳಲ್ಲಿ ಎಣಿಸಿ ಮೂವತ್ತು ವರ್ಷಕ್ಕೆ ಕಂದಾಯ ಗೊತ್ತುಮಾಡಿದರು. ಸಾಧಾರಣ ಕೆಟ್ಟ ವರ್ಷವನ್ನೂ ತಾಳಿಕೊಳ್ಳುವಷ್ಟು ದರ ಹಗುರವಾಗಿರಬೇಕು, ಒಳ್ಳೆಯ ವರ್ಷದ ಉಳಿತಾಯದಿಂದ ರೈತ ಕೆಟ್ಟ ವರ್ಷದ್ದನ್ನು ತುಂಬಿಕೊಳ್ಳುತ್ತಾನೆ ಎಂಬುದು ಅದರ ಹಿಂದಿನ ತರ್ಕ. ಮೋಜಣಿದಾರರು ದುರುಳರಲ್ಲ, ಅವರ ಕೆಲಸ ಅಚ್ಚುಕಟ್ಟಾದದ್ದು. ಆದರೆ ಏರಿಳಿತವನ್ನು ಸರಿದೂಗಿಸುವ ಹೊಣೆ ಖಜಾನೆಯ ಹೆಗಲಿನಿಂದ ಎರಡೆಕರೆ ಹೊಲದವನ ಹೆಗಲಿಗೆ ಸದ್ದಿಲ್ಲದೆ ಜಾರಿತು. ಹಲವಾರು ತಾಲ್ಲೂಕುಗಳ ಖಜಾನೆ ಮೂವತ್ತು ವರ್ಷ ಕಾಯಬಲ್ಲದು. ಒಂದು ಸಂಸಾರ ಮೂರು ವರ್ಷ ಕಾಯುವುದೂ ಕಷ್ಟ.

ಧಾತು ಸಂವತ್ಸರದಲ್ಲಿ ಅದು ಬಯಲಾಯಿತು. 1875ರಲ್ಲಿ ಕುಂದಿದ ಮಳೆ 1876ರಲ್ಲಿ ಪೂರಾ ಕೈಕೊಟ್ಟಿತು. ಮರುವರ್ಷವೂ ಬರ ಬಿಡಲಿಲ್ಲ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. 1881ರಲ್ಲಿ ಅದು 41,86,188. ಹತ್ತು ವರ್ಷದಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ 8,69,224ರಷ್ಟು ಇಳಿಯಿತು. ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಮುಂದಿನ ದಶಕದಲ್ಲಿ ಮಳೆ ಚೇತರಿಸಿಕೊಂಡಿತು, ಬಹುವರ್ಷಗಳ ಸರಾಸರಿಯೂ ಹಳೆಯ ಮಟ್ಟಕ್ಕೆ ಬಂದಿರಬಹುದು. ಅದನ್ನು ನೋಡಲು ಆ ಲಕ್ಷಾಂತರ ಮಂದಿ ಉಳಿದಿರಲಿಲ್ಲ.

ಸರಾಸರಿಯನ್ನು ನಂಬದ ಹಳ್ಳಿಗರು ತಮ್ಮದೇ ಉಪಾಯಗಳನ್ನು ಮಾಡಿಕೊಂಡಿದ್ದರು ಎಂಬುದನ್ನೂ ಹೇಳಬೇಕು. ರಾಗಿಯ ಹೊಲದಲ್ಲಿ ಅವರೆ, ತೊಗರಿ, ಜೋಳ, ಸಾಸಿವೆ, ಹುಚ್ಚೆಳ್ಳುಗಳನ್ನು ‘ಅಕ್ಕಡಿ ಸಾಲು’ ಹಾಕುವುದು ಕೇವಲ ರೂಢಿಯಲ್ಲ. ರಾಗಿಗೆ ತಪ್ಪಿದ ಮಳೆ ಅವರೆಗೆ ಸಿಗಬಹುದು. ಒಂದೇ ಮಳೆಗೆ ಎಲ್ಲವೂ ಒಟ್ಟಿಗೆ ಸೋಲುವುದಿಲ್ಲ. ಗೌರಿಬಿದನೂರಿನ ಮಾಪಕಗಳನ್ನು ದೂರದೂರ ಇಟ್ಟ ಬುದ್ಧಿಯೇ ಇಲ್ಲೂ ಇದೆ. ನೆಲದೊಳಗಿನ ‘ಹಗೇವು’ಗಳಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಹುಲುಸಾದ ವರ್ಷ ತುಂಬಿ, ಬಡ ವರ್ಷ ತೆಗೆಯುವುದು. ಕೆರೆಯೂ ಹಾಗೆಯೇ. ನಾಲ್ಕು ದಿನ ಸುರಿದದ್ದನ್ನು ನಾಲ್ಕು ತಿಂಗಳಿಗೆ ಹರಡಿ ಕೊಡುವ ಸಾಧನ ಅದು. ನಂದಿಬೆಟ್ಟದ ಆಸುಪಾಸಿನಲ್ಲಿ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಚಿತ್ರಾವತಿಗಳು ಹುಟ್ಟಿದರೂ ನೀರು ಇಲ್ಲಿ ನಿಲ್ಲುತ್ತಿದ್ದುದು ಕೆರೆಗಳ ಸರಪಳಿಯಿಂದ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯ ಮಗ ವಿಶ್ವೇಶ್ವರಯ್ಯನವರು 1911ರಲ್ಲಿ ಕಾವೇರಿಗೆ ಅಡ್ಡಲಾಗಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭಿಸಿದಾಗ ಅದೇ ಕೆರೆಯ ತರ್ಕ ಭಾರಿ ಗಾತ್ರದಲ್ಲಿ ಎದ್ದು ನಿಂತಿತು. ಇಂದು ಕೆರೆಗಳ ಜಾಗಕ್ಕೆ ಕೊಳವೆಬಾವಿ ಬಂದಿದೆ. ಸಾವಿರ ಅಡಿ ಕೊರೆದರೂ ನೀರು ಸಿಗುವ ಖಾತರಿಯಿಲ್ಲ. ಹತ್ತು ಕೊರೆಸಬಲ್ಲವನಿಗೆ ಒಂದೆರಡಾದರೂ ಕೈಹಿಡಿಯುತ್ತವೆ. ಸಾಲ ಮಾಡಿ ಒಂದೇ ಒಂದು ಕೊರೆಸಿದವನಿಗೆ ಸರಾಸರಿ ಎಂಬುದೇ ಇಲ್ಲ. 2019ರ ನಂತರ ಬೆಂಗಳೂರಿನ ಹೆಬ್ಬಾಳ–ನಾಗವಾರ ಕಣಿವೆಯ ಶುದ್ಧೀಕರಿಸಿದ ಕೊಳಚೆ ನೀರು ಜಿಲ್ಲೆಯ ಕೆಲವು ಕೆರೆಗಳನ್ನು ತುಂಬುತ್ತಿದೆ.

ಮಳೆಯ ಅಂಕಿಗಳು ಇಂದಿಗೂ ಸರಾಸರಿಯಲ್ಲೇ ಮಾತಾಡುತ್ತವೆ. ಹವಾಮಾನ ಇಲಾಖೆಗೆ ದೇಶದ ಮುಂಗಾರು ‘ವಾಡಿಕೆ’ ಎಂದರೆ 1971ರಿಂದ 2020ರವರೆಗಿನ ಸರಾಸರಿ, 87 ಸೆಂಟಿಮೀಟರ್. ಅದರ ಶೇ 96ರಿಂದ 104ರೊಳಗೆ ಬಿದ್ದರೆ ವಾಡಿಕೆ ಮಳೆ. 2021ರ ನವೆಂಬರಿನಲ್ಲಿ ಚಿಕ್ಕಬಳ್ಳಾಪುರ, ಕೋಲಾರಗಳಲ್ಲಿ ಸುರಿದ ಮಳೆಗೆ ಎಷ್ಟೋ ವರ್ಷ ಬರಿದಾಗಿದ್ದ ಕೆರೆಗಳು ಕೋಡಿ ಬಿದ್ದವು. ಆ ವರ್ಷದ ಮಳೆಯ ಲೆಕ್ಕ ಭರ್ಜರಿ. ಆದರೆ ಕೊಯ್ಲಿಗೆ ಬಂದ ರಾಗಿ ಹೊಲದಲ್ಲೇ ನೆಲಕಚ್ಚಿ ಮೊಳಕೆಯೊಡೆಯಿತು. 2022ರಲ್ಲೂ ರಾಜ್ಯದಲ್ಲಿ ಹೆಚ್ಚು ಮಳೆ. 2023ರಲ್ಲಿ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಎರಡು ವರ್ಷಗಳನ್ನು ಕೂಡಿ ಎರಡರಿಂದ ಭಾಗಿಸಿದರೆ ದೂರಲು ಏನೂ ಉಳಿಯುವುದಿಲ್ಲ.

ನಷ್ಟವನ್ನು ಹಂಚಿಕೊಳ್ಳುವ ಹಡಗಿನ ಹಳೆಯ ಕಟ್ಟಳೆ ಈಗ ಬೆಳೆ ವಿಮೆಯ ರೂಪದಲ್ಲಿ ಹೊಲಕ್ಕೆ ಬಂದಿದೆ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ ಶೇ 2; ಉಳಿದ ಕಂತು ಸರ್ಕಾರಗಳದ್ದು. ಒಬ್ಬ ರೈತನ ಏರಿಳಿತವನ್ನು ಬಹಳ ಜನರ ಮೇಲೆ, ಬಹಳ ದೂರದವರೆಗೆ ಹರಡುವ ಏರ್ಪಾಡಿದು. ಖಜಾನೆ ಒಮ್ಮೆ ಇಳಿಸಿದ ಹೊರೆಯಲ್ಲಿ ಒಂದಷ್ಟನ್ನು ಮತ್ತೆ ಹೊತ್ತುಕೊಂಡಂತೆ. ಆದರೆ ಪರಿಹಾರ ಕೊಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವುದೂ ಸರಾಸರಿಯೇ. ಕಳೆದ ಏಳು ವರ್ಷಗಳಲ್ಲಿ ಉತ್ತಮವಾದ ಐದರ ಸರಾಸರಿ ಇಳುವರಿಯಿಂದ ಒಂದು ಮಟ್ಟ ಗೊತ್ತುಮಾಡುತ್ತಾರೆ. ಪ್ರಮುಖ ಬೆಳೆಗಳಿಗೆ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ ಒಂದು ಘಟಕ. ಘಟಕದ ಈ ವರ್ಷದ ಸರಾಸರಿ ಆ ಮಟ್ಟಕ್ಕಿಂತ ಕೆಳಗಿಳಿದರೆ ಅಲ್ಲಿ ವಿಮೆ ಕಟ್ಟಿದ ಎಲ್ಲರಿಗೂ ಪರಿಹಾರ. ಇಳಿಯದಿದ್ದರೆ ಯಾರಿಗೂ ಇಲ್ಲ. ಆಲಿಕಲ್ಲು, ಹೊಲಕ್ಕೆ ನೀರು ನುಗ್ಗುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಒಂಟಿ ಹೊಲದ ನಷ್ಟವನ್ನು ಬೇರೆಯಾಗಿ ನೋಡುತ್ತಾರೆ. ಪಂಚಾಯಿತಿಯ ಒಂದು ಮಗ್ಗುಲಿಗೆ ಮಳೆಯಾಗಿ ಇನ್ನೊಂದು ಮಗ್ಗುಲು ಒಣಗುವುದು ಈ ಸೀಮೆಯಲ್ಲಿ ಅಪರೂಪವೇನಲ್ಲ. ಆಗ ಒಣಗಿದ ಮಗ್ಗುಲಿನ ರೈತರ ನಷ್ಟವನ್ನು ಹಸಿರು ಮಗ್ಗುಲಿನವರ ಫಸಲು ಕಾಗದದ ಮೇಲೆ ಸರಿದೂಗಿಸುತ್ತದೆ; ಅವರ ಕೈಗೆ ಬರುವುದು ಏನೂ ಇಲ್ಲ.

ಆ ಸರಾಸರಿ ಹೊರಡುವುದು ಬೆಳೆ ಕಟಾವು ಪ್ರಯೋಗದಿಂದ. ಪಂಚಾಯಿತಿಯಲ್ಲಿ ಕೆಲವೇ ಹೊಲಗಳನ್ನು ಆರಿಸಿ, ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕ ಗುರುತಿಸಿ, ಅದರೊಳಗಿನ ಬೆಳೆಯನ್ನು ಕೊಯ್ದು ತೂಗುತ್ತಾರೆ. ಯಾವ ಹೊಲ ಎಂಬುದನ್ನು ಅಧಿಕಾರಿಯಾಗಲಿ ರೈತನಾಗಲಿ ಹೇಳುವಂತಿಲ್ಲ. ಯಾರ ಇಚ್ಛೆಗೂ ಸಿಗದಂತೆ ಅಂಕಿಗಳನ್ನು ಎತ್ತಿ ಆರಿಸುತ್ತಾರೆ. ಆರಿಸುವುದು ಸರ್ವೆ ನಂಬರುಗಳಿಂದ.